ಮೊಂಡಿಯ ಜುಟ್ಟು

ಕೆಂಪು ಅಂದರೆ ಏನು ಎಂದು ಇಷ್ಟು ವರ್ಷಗಳಲ್ಲಿ ಅವನನ್ನು ಯಾರೂ ಎದುರಿಗೆ ನಿಲ್ಲಿಸಿ ಕೇಳಿರಲಿಲ್ಲ. ಕೇಳದ ಹಾಗೆ ಅವನೇ ನೋಡಿಕೊಂಡಿದ್ದ. ಇವತ್ತು ಮಾತ್ರ ಕೇಳದೆ ಬಿಡುವುದಿಲ್ಲ ಎಂದು ಎದ್ದಾಗಿನಿಂದ ಅನ್ನಿಸುತ್ತಿತ್ತು. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿಟ್ಟ ಚಹಾ ಆರಿ ಕೆನೆಗಟ್ಟಿದ್ದನ್ನೂ ಗಮನಿಸದೆ, ಮೊಂಡಿ ಎಂಬ ಕೋಳಿಮರಿಯ ಜುಟ್ಟನ್ನೇ ನೋಡುತ್ತಿದ್ದ. ಮೊಂಡಿ ಮಣ್ಣು ಕೆದರುತ್ತಿತ್ತು, ಹಿಂದಕ್ಕೆ ಸರಿದು ಕೆದರಿದ್ದನ್ನು ಪರೀಕ್ಷಿಸುತ್ತಿತ್ತು, ಏನೂ ಸಿಕ್ಕದಿದ್ದರೆ ಅದೇ ಜಾಗವನ್ನು ಮತ್ತೆ ಕೆದರುತ್ತಿತ್ತು. ಉಳಿದ ಮರಿಗಳದಕ್ಕಿಂತ ಅದರ ಜುಟ್ಟು ದೊಡ್ಡದು, ಅಷ್ಟು ಅವನಿಗೂ ಕಾಣುತ್ತಿತ್ತು; ಗರಗಸದ ಹಲ್ಲಿನಂಥ ಅಂಚು, ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು. ಬಣ್ಣ? ಗೋಡೆ ಬದಿಯ ಹುಲ್ಲಿಗೂ ಅದಕ್ಕೂ ಅವನ ಕಣ್ಣಿಗೆ ಅಂಥ ವ್ಯತ್ಯಾಸವೇನೂ ಇರಲಿಲ್ಲ. "ಕೆಂಡದ ಹಾಗೆ ಕೆಂಪಗಿದೆಯಲ್ರೀ, ಇನ್ನೂ ಹೇಂಟೆ ಹೇಂಟೆ ಅಂತ ಕೂತಿದೀರಲ್ಲ" ಎಂದು ಹೆಂಡತಿ ನಿನ್ನೆ ಅಂದಾಗ ಎಂದಿನಂತೆ ಹೂಂ ಎಂದು ಸುಮ್ಮನಾಗಿದ್ದ. ಮಧ್ಯಾಹ್ನ ಊಟವಾದ ಮೇಲೆ ಅವಳ ತಮ್ಮ ಬರುತ್ತಾನೆ, ಬುಟ್ಟಿ ತರುತ್ತಾನೆ, ಹುಂಜಗಳನ್ನು ಆರಿಸಿ ಮಾಂಸದಂಗಡಿಗೆ ಒಯ್ಯುತ್ತಾನೆ. ಕೆಂಪು ಜುಟ್ಟಿನ ಲೆಕ್ಕದಲ್ಲಿ ಬುಟ್ಟಿಗೆ ಮೊದಲು ಬೀಳುವುದು ಮೊಂಡಿಯೇ.

ಹುಂಜವಾದರೆ ಹೋಗಲೇಬೇಕು, ಅದರಲ್ಲಿ ಅವನಿಗೂ ತಕರಾರಿರಲಿಲ್ಲ. ಮನೆ ಸಂಗೀತದ ಮೇಡಂ ಅವರದು; ಮೇಲಿನ ಮಹಡಿಯಲ್ಲಿದ್ದುಕೊಂಡು ಬೆಳಗಾಗುತ್ತಲೇ ಮಕ್ಕಳಿಗೆ ಪಿಟೀಲು ಹೇಳಿಕೊಡುವವರು. ಹಿತ್ತಲಲ್ಲಿ ಕೋಳಿ ಸಾಕಿಕೊಳ್ಳಲೇ ಎಂದು ಹೆಂಡತಿ ಹೋಗಿ ಕೇಳಿದ್ದಕ್ಕೆ ಅವರು ಕನ್ನಡಕ ಒರೆಸುತ್ತ, "ಹೇಂಟೆ ಎಷ್ಟು ಬೇಕಾದ್ರೂ ಇಟ್ಕೊಳ್ಳಿ. ಒಂದೇ ಒಂದು ಹುಂಜ ಕೂಗ್ತು ಅಂದ್ರೆ ಗೂಡು ಸಮೇತ ಎಲ್ಲಾ ಖಾಲಿ" ಎಂದಿದ್ದರು. ಹೇಳಿದಂತೆ ಮಾಡುವ ಹೆಂಗಸು. ಶ್ರುತಿ ತಪ್ಪಿದ ಹುಡುಗನನ್ನು ಅರ್ಧ ಪಾಠದಲ್ಲೇ ಎಬ್ಬಿಸಿ ಮನೆಗೆ ಕಳಿಸಿದ್ದು ಬೀದಿಗೆಲ್ಲ ಗೊತ್ತು. ಆದ್ದರಿಂದ ಮೊಂಡಿಯನ್ನು ಹೇಂಟೆ ಎಂದು ಉಳಿಸಿಕೊಂಡು ಅದು ನಾಳೆ ಹುಂಜವಾಗಿ ಕೂಗಿದರೆ ಹೋಗುವುದು ಮೊಂಡಿಯೊಂದೇ ಅಲ್ಲ. ನಡುನೋವಿಗೆ ಹೊಲಿಗೆ ಕಾರ್ಖಾನೆ ಬಿಟ್ಟು, ಗೋಡೆ ನೋಡುತ್ತ ಕೂತಿರುತ್ತಿದ್ದ ಹೆಂಡತಿ ಈಗ ಗೂಡಿನ ಮುಂದೆ ಮಣೆ ಹಾಕಿಕೊಂಡು ಮರಿಗಳ ಜೊತೆ ಜಗಳವಾಡುತ್ತಾಳೆ, ಅವುಗಳ ನಡುವೆ ರಾಜಿ ಮಾಡಿಸುತ್ತಾಳೆ, ಸೊಂಟ ಹಿಡಿದುಕೊಂಡೇ ನಗುತ್ತಾಳೆ. ಅದೂ ಹೋಗುತ್ತದೆ. ಅವನು ಹಾಗೆಲ್ಲ ಯೋಚಿಸಿ ಹೂಂ ಅಂದಿದ್ದ, ಹೂಂ ಅಂದದ್ದಕ್ಕೆ ರಾತ್ರಿಯೆಲ್ಲ ತನ್ನನ್ನೇ ಬೈದುಕೊಂಡಿದ್ದ.

ಮರಿಗಳು ರಟ್ಟಿನ ಡಬ್ಬದಲ್ಲಿ ಬಂದಾಗ ಎಲ್ಲವೂ ಒಂದೇ ಥರ ಇದ್ದವು. ಹುಂಜ ಹೇಂಟೆ ವಿಂಗಡಿಸಿಲ್ಲ, ನಿಮ್ಮ ಅದೃಷ್ಟ, ಎಂದು ಮಾರಿದವನು ಕೈ ತೊಳೆದುಕೊಂಡಿದ್ದ. ಹಿಂದಿನ ಕೋಣೆಯಲ್ಲಿ ಬಲ್ಬು ಇಳಿಬಿಟ್ಟು, ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ಮೂಲೆಗೆ ಸರಿದರೆ ಸೆಕೆ ಎಂದು ತಿಳಿದು ಅದನ್ನು ಏರಿಸಿ ಇಳಿಸಿ ಮಾಡುತ್ತಿದ್ದವನು ಅವನು. ಅವುಗಳಲ್ಲಿ ಒಂದರ ಕಾಲು ಎರಡೂ ಕಡೆ ಜಾರಿ ಕವಲಿನ ಹಾಗೆ ಅಗಲವಾಗುತ್ತಿತ್ತು, ನಿಲ್ಲಲು ಆಗುತ್ತಿರಲಿಲ್ಲ. ಬದುಕೋದಲ್ಲ ಬಿಡಿ ಎಂದಿದ್ದಳು ಹೆಂಡತಿ, ಕಣ್ಣು ಒರೆಸಿಕೊಳ್ಳುತ್ತ. ಅವನು ಹಳೆಯ ಕೈಗಡಿಯಾರದ ಪಟ್ಟಿಯ ಒಳಗಿನ ಮೆತ್ತನೆಯ ಚರ್ಮ ಸುಲಿದು, ತನ್ನ ಗಡಿಯಾರ ರಿಪೇರಿ ಅಂಗಡಿಯ ಚಿಮಟ ತಂದು, ಉಸಿರು ಬಿಗಿಹಿಡಿದು ಆ ಕಡ್ಡಿಕಾಲುಗಳನ್ನು ಒಂದಕ್ಕೊಂದು ಹದವಾದ ಅಂತರದಲ್ಲಿ ಕಟ್ಟಿದ್ದ. ಮರಿ ಮುಗ್ಗರಿಸಿತು, ಎದ್ದಿತು, ಮೂತಿ ಮೇಲೆ ಬಿದ್ದಿತು, ಎದ್ದಿತು. ಆವತ್ತೇ ಅವನು ಅದನ್ನು ಮೊಂಡಿ ಎಂದು ಕರೆದದ್ದು. ಕರೆಯುವಾಗ ಅದು ಹೇಂಟೆಯೋ ಹುಂಜವೋ ಅವನಿಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹಾಗೆ. ಬಲ್ಬಿನ ಬೆಳಕಲ್ಲಿ ತನ್ನ ಕೈ, ಮರಿ, ಡಬ್ಬದ ಗೋಡೆ ಎಲ್ಲ ಒಂದೇ ಕಂದು. ಚಿಕ್ಕಂದಿನಲ್ಲಿ ಶಾಲೆಯಲ್ಲೂ ಹೀಗೇ, ಎಲೆಗೆ ಕಂದು ಹಚ್ಚಿದ್ದೀಯಲ್ಲೋ, ಏನು ಒಣಗಿಸಿಬಿಟ್ಟೆಯಾ ಮರವನ್ನ, ಎಂದು ಮೇಷ್ಟ್ರು ಚಿತ್ರದ ಹಾಳೆಯನ್ನು ಎತ್ತಿ ಇಡೀ ತರಗತಿಗೆ ತೋರಿಸಿದ್ದರು. ಹುಡುಗರ ನಗು ಕಿಟಕಿಯಾಚೆಗೂ ಹೋಗಿತ್ತು. ಮರೆತುಬಿಟ್ಟೆ ಸಾರ್, ಎಂದಿದ್ದ ಅವನು. ಅವನ ಬಾಯಿಂದ ಬಂದ ಮೊದಲ ಸುಳ್ಳು ಅದೇ ಇರಬೇಕು, ಎಷ್ಟು ಸಲೀಸಾಗಿ ನಡೆಯಿತೆಂದರೆ ಮುಂದೆ ಬೇರೆ ಸುಳ್ಳು ಹುಡುಕುವ ಅಗತ್ಯವೇ ಬೀಳಲಿಲ್ಲ. ಕಣ್ಣು ಸರಿಯಿಲ್ಲದವನು ಅನ್ನಿಸಿಕೊಳ್ಳುವುದಕ್ಕಿಂತ ಮರೆಗುಳಿ ಅನ್ನಿಸಿಕೊಳ್ಳುವುದು ವಾಸಿ. ಮರೆಗುಳಿಯನ್ನು ನೋಡಿ ಜನ ಪ್ರೀತಿಯಿಂದ ನಗುತ್ತಾರೆ.

ಭಾಮೈದನಂತೂ ಪ್ರೀತಿಯಿಂದಲೇ ನಗುತ್ತಿದ್ದ. ಅವನದು ಬಣ್ಣದ ಅಂಗಡಿ, ಗೋಡೆಗೆ ಬಾಗಿಲಿಗೆ ಬಳಿಯುವ ಬಣ್ಣ. ಅವನಿಗೆ ಜಗತ್ತೆಲ್ಲ ಡಬ್ಬದ ಮುಚ್ಚಳಗಳ ಸಾಲು. ಒಮ್ಮೆ, ಸ್ವಲ್ಪ ಹೊತ್ತು ಕೂತಿರಿ ಭಾವ, ಬಂದೆ, ಎಂದು ಅಂಗಡಿಯಲ್ಲಿ ಕೂರಿಸಿ ಹೋದಾಗ ಯಾರೋ ಬಾಗಿಲಿಗೆ ಹಸಿರು ಕೇಳಿದರು, ಕೂತಿದ್ದ ಅವನು ಕೊಟ್ಟದ್ದು ಕೆಂಪು. ಆ ಮನೆಯವರು ಮಾರನೆಯ ದಿನ ಬಂದು ಕಿರುಚಿದ್ದನ್ನು ಭಾಮೈದ ಇವತ್ತಿಗೂ ನಂಟರು ನಾಲ್ಕು ಜನ ಸೇರಿದಲ್ಲೆಲ್ಲ ಅಭಿನಯ ಸಮೇತ ಹೇಳುತ್ತಾನೆ, ಎಲ್ಲರೂ ನಗುತ್ತಾರೆ, ಎಲ್ಲರಿಗಿಂತ ಜೋರಾಗಿ ಭಾಮೈದನೇ ನಗುತ್ತಾನೆ. ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಎರಡು ಬಟ್ಟೆಗಳನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಕುತ್ತಿಗೆ ಒಂದು ಕಡೆ ವಾಲಿಸಿ, "ಯಾವ್ದು ಒಪ್ಪುತ್ತೆ ನನಗೆ?" ಎಂದು ಕೇಳಿದ್ದಳು. ಎರಡೂ ಒಂದೇ ಬಟ್ಟೆ ಎಂದೇ ಅವನ ಕಣ್ಣು ಹೇಳುತ್ತಿತ್ತು. "ಯಾವ್ದಾದ್ರೇನು" ಎಂದು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟುಬಿಟ್ಟಿದ್ದ. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅವಳು ಇನ್ನೂ ಹಾಗೇ ನಿಂತಿದ್ದಳು, ಕೈ ಮಾತ್ರ ಕೆಳಗಿಳಿದಿತ್ತು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಅವನೂ, ನೋಡಿದರೆ ಎಲ್ಲಿ ಕೇಳಿಬಿಡುತ್ತಾಳೋ ಎಂದು, ಅವಳು ಸಿಂಗರಿಸಿಕೊಂಡು ಬಂದಾಗಲೆಲ್ಲ ಗೋಡೆಯ ಗಡಿಯಾರದ ಕಡೆ ಮುಖ ತಿರುಗಿಸುವುದನ್ನು ಕಲಿತ. ಅವರಿಗೆ ಗಡಿಯಾರ ಬಿಟ್ಟರೆ ಬೇರೆ ಕಣ್ಣಿಗೆ ಬೀಳೋದಿಲ್ಲ, ಎಂದು ಅವಳು ತಂಗಿಯರ ಹತ್ತಿರ ನಗುತ್ತಲೇ ಹೇಳುವುದು ಅವನ ಕಿವಿಗೆ ಬಿದ್ದಿತ್ತು. ಆ ನಗು ಅವನಿಗೆ ಇವತ್ತಿಗೂ ಚುಚ್ಚುತ್ತದೆ.

ಆದರೆ ಮೊಂಡಿ ಹೇಂಟೆ. ಅದು ಅವನಿಗೆ ತನ್ನ ಕೈಯ ಹೆಬ್ಬೆರಳು ಗೊತ್ತಿರುವಷ್ಟು ಗೊತ್ತಿತ್ತು. ಬಣ್ಣದ ಸಹವಾಸವಿಲ್ಲದ ಕಣ್ಣು ಬೇರೆ ಕಡೆ ಅಲೆದಾಡಿ ಏನೇನನ್ನೋ ಕೂಡಿಸಿಟ್ಟುಕೊಂಡಿತ್ತು. ಆಕಾಶದಲ್ಲಿ ಹದ್ದಿನ ನೆರಳು ಹಾದರೆ ದಪ್ಪ ಕಾಲಿನ ಮರಿಗಳು ಕತ್ತು ನೆಟ್ಟಗೆ ಮಾಡಿ ಎದೆ ಮುಂದಿಟ್ಟು ನಿಲ್ಲುತ್ತಿದ್ದವು. ಮೊಂಡಿ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಅದರ ಕಾಲು ಸಣ್ಣ, ನಡೆ ತಗ್ಗು. ಎಲ್ಲಕ್ಕಿಂತ ಹೆಚ್ಚಾಗಿ ಗರಿ. ಮರಿಗಳಿಗೆ ಮೂರು ತಿಂಗಳು ಸಮೀಪಿಸುತ್ತಿದ್ದಂತೆ ಬೆನ್ನಿನ ಕೊನೆಯಲ್ಲಿ, ಬಾಲ ಶುರುವಾಗುವ ಕಡೆ, ಹೊಸ ಗರಿ ಮೂಡುತ್ತಿತ್ತು. ಅಂಗಡಿಯಲ್ಲಿ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಮನೆಗೆ ತಂದು, ಹೆಂಡತಿ ಇಲ್ಲದ ಹೊತ್ತು ನೋಡಿ, ಒಂದೊಂದೇ ಮರಿಯನ್ನು ತೊಡೆಯ ಮೇಲೆ ಮಲಗಿಸಿ ನೋಡಿದ್ದ. ಹುಂಜದ್ದು ಸಪೂರವಾಗಿ ಚೂಪಾಗಿ ಇಳಿಯುತ್ತಿತ್ತು, ಗಂಟೆಯ ಮುಳ್ಳಿನ ತುದಿ ಹೇಗೋ ಹಾಗೆ. ಹೇಂಟೆಯದು ದುಂಡಗೆ, ಉಗುರು ಕತ್ತರಿಸಿದ ಬೆರಳಿನ ಹಾಗೆ. ಮೊಂಡಿಯದು ದುಂಡಗೆ. ಇನ್ನೊಂದು ಆಶ್ಚರ್ಯವೂ ಆವತ್ತೇ ಕಂಡದ್ದು. ಎಲ್ಲರ ಹಿಂದೆ ಅಡಗಿ, ಉಳಿದವು ತಿಂದು ಬಿಟ್ಟದ್ದನ್ನು ತಿನ್ನುವ, ಜುಟ್ಟು ಇದೆಯೋ ಇಲ್ಲವೋ ಎಂಬಂತಿರುವ ಒಂದು ಮರಿಯಿತ್ತು. ಭಾಮೈದ ಅದಕ್ಕೆ ಸಾಧ್ವಿ ಎಂದು ಹೆಸರಿಟ್ಟಿದ್ದ. ಸಾಧ್ವಿಯ ಬೆನ್ನಿನಲ್ಲಿ ಎರಡೇ ಎರಡು ಗರಿ, ಚೂಪಾಗಿ ಮೂಡಿದ್ದವು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ.

ಭಾಮೈದ ಬಂದದ್ದು ಬುಟ್ಟಿ ತಲೆ ಮೇಲೆ ಟೋಪಿ ಮಾಡಿಕೊಂಡು. "ಏನ್ ಭಾವ, ಗಡಿಯಾರ ಬಿಟ್ಟು ಕೋಳಿ ರಿಪೇರಿ ಶುರು ಮಾಡಿದ್ರಂತೆ?" ಎಂದು ಬಕೆಟ್ಟು ಕವುಚಿ ಹಾಕಿ ಕೂತ. ನೋಡಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಇದು ಹುಂಜ. ಅದು ಹುಂಜ. ಆ ಗೋಡೆ ಹತ್ರ ಪೋಸು ಕೊಡ್ತಿದೆಯಲ್ಲ, ಅದಂತೂ ಹುಂಜರ ಹುಂಜ. ಸಾಧ್ವಿ, ನೀನು ಇರಮ್ಮ ತಾಯಿ, ನಿನ್ನ ಮುಖದಲ್ಲಿ ರಕ್ತಾನೇ ಇಲ್ಲ." ಮೊದಲು ತೋರಿಸಿದ ಹುಂಜಗಳು ರೆಕ್ಕೆ ಬಡಿಯುತ್ತ ಬುಟ್ಟಿ ಸೇರಿದವು. ಅವುಗಳ ವಿಷಯದಲ್ಲಿ ಅವನು ಸರಿಯಾಗಿಯೇ ಹೇಳಿದ್ದ. ಆಮೇಲೆ ಅವನ ಕೈ ಗೋಡೆ ಹತ್ತಿರದ ಮೊಂಡಿಯ ಕಡೆ ಚಾಚಿತು.

"ಅದು ಹೇಂಟೆ."

ತನ್ನ ದನಿ ಅಷ್ಟು ಸಣ್ಣಗೆ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಭಾಮೈದ ಕಿವಿಗೆ ಕೈ ಹಚ್ಚಿದ. "ಏನಂದ್ರಿ?"

"ಮೊಂಡಿ ಹೇಂಟೆ. ಅದನ್ನ ಮುಟ್ಬೇಡ. ಹುಂಜ ಬೇಕಿದ್ರೆ ಸಾಧ್ವಿನ ತಗೊಂಡು ಹೋಗು."

ಭಾಮೈದ ಅಕ್ಕನ ಮುಖ ನೋಡಿದ, ನಕ್ಕ, ತೊಡೆ ತಟ್ಟಿಕೊಂಡು ನಕ್ಕ. "ಅಕ್ಕಾ, ಇವರು ಎತ್ತು ಈಯ್ತು ಅಂದ್ರೆ ನಾವು ಕೊಟ್ಟಿಗೇಲಿ ಕಟ್ಟು ಅನ್ಬೇಕೇನೇ?"

ಅವನು ಮೊಂಡಿಯನ್ನು ಎತ್ತಿಕೊಂಡು ಬೆನ್ನಿನ ಒಂದು ಗರಿ ಕಿತ್ತ. ಅದು ಒಮ್ಮೆ ಚೀರಿ ಅವನ ಬೆರಳನ್ನು ಕುಕ್ಕಿತು. ಬುಟ್ಟಿಯಲ್ಲಿದ್ದ ಹುಂಜದ್ದೊಂದು, ಸಾಧ್ವಿಯದ್ದೊಂದು ಕಿತ್ತು ಮೂರನ್ನೂ ಬಿಳಿ ತಟ್ಟೆಯ ಮೇಲಿಟ್ಟ. ಜೇಬಿನಿಂದ ಭೂತಗನ್ನಡಿ ತೆಗೆದ. ಅಷ್ಟರಲ್ಲಿ ಗಲಾಟೆ ಕೇಳಿ ಮೇಡಂ ಮೆಟ್ಟಿಲಿಳಿದು ಬಂದಿದ್ದರು. ಕೈಯಲ್ಲಿ ಇನ್ನೂ ಪಿಟೀಲಿನ ಕಮಾನು. ಅವರನ್ನು ನೋಡಿ ಭಾಮೈದನಿಗೆ ಇನ್ನಷ್ಟು ಹುಮ್ಮಸ್ಸು ಬಂತು. "ನೋಡಿ ಮೇಡಂ, ಹುಂಜ ಇಟ್ಕೋತಾರಂತೆ. ನಾಳೆ ಕೂಗಿದ್ರೆ ನನ್ನ ಕೇಳ್ಬೇಡಿ. ಭಾವ, ಗರಿಗಿರಿ ಎಲ್ಲಾ ಆಮೇಲೆ. ಕಣ್ಣು ಬಿಟ್ಟು ಜುಟ್ಟು ನೋಡಿ. ಮೊಂಡಿದು ಯಾವ ಬಣ್ಣ, ಸಾಧ್ವಿದು ಯಾವ ಬಣ್ಣ? ಚಿಕ್ಕ ಮಗು ಹೇಳುತ್ತೆ. ಹೇಳಿ, ಯಾವ ಬಣ್ಣ?"

ಬಂದೇಬಿಟ್ಟಿತು. ಅವನಿಗೆ ಬಾಯಲ್ಲಿ ಆ ಹಳೆಯ ಮಾತು ತಯಾರಾಗಿ ಬಂದು ಕೂತದ್ದು ಗೊತ್ತಾಯಿತು, ಮರೆತುಬಿಟ್ಟೆ ಕಣಯ್ಯ, ಎಂದರೆ ಮುಗಿಯಿತು, ಎಲ್ಲರೂ ನಗುತ್ತಾರೆ, ಬುಟ್ಟಿಯ ಮುಚ್ಚಳ ಬೀಳುತ್ತದೆ, ಚಹಾ ಬರುತ್ತದೆ. ಮೊಂಡಿಯ ಎದೆ ಅವನ ಅಂಗೈಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಹೇಳಿದರೆ ಏನಾಗುತ್ತದೆ ಎಂದು ಅವನು ಅಷ್ಟು ವರ್ಷ ಹೆದರಿದ್ದನೋ ಅದರ ಹೆಸರೇ ಆ ಕ್ಷಣ ನೆನಪಿಗೆ ಬರಲಿಲ್ಲ.

"ನನಗೆ ಗೊತ್ತಿಲ್ಲ," ಎಂದ. ಈ ಸಲ ದನಿ ಸಣ್ಣಗಿರಲಿಲ್ಲ. "ನನಗೆ ಕೆಂಪು ಕಾಣಲ್ಲ. ಹಸಿರೂ ಕಾಣಲ್ಲ. ಹುಟ್ಟಿದಾಗಿಂದ ಕಂಡಿಲ್ಲ. ಅವತ್ತು ನಿನ್ನ ಅಂಗಡೀಲಿ ಮರೆತು ಕೊಟ್ಟಿದ್ದಲ್ಲ, ಕಾಣ್ದೆ ಕೊಟ್ಟಿದ್ದು."

ಭಾಮೈದನ ಬಾಯಿ ಅರ್ಧ ತೆರೆದಿತ್ತು. ಕೊನೆಗೆ ಅವನೇ, "ಮತ್ತೆ ಮುಗೀತಲ್ಲ ಭಾವ! ಕಾಣಲ್ಲ ಅಂತ ನೀವೇ ಒಪ್ಕೊಂಡ್ರಿ" ಎಂದ, ಆದರೆ ಮೊದಲಿನ ಜೋರಿರಲಿಲ್ಲ.

"ಮುಗೀಲಿಲ್ಲ. ನಿನಗೆ ಬಣ್ಣ ಕಾಣುತ್ತೆ, ಅದಕ್ಕೇ ಅದೊಂದನ್ನೇ ನೋಡ್ತೀಯ. ನನಗೆ ಅದಿಲ್ಲ, ಉಳಿದಿದ್ದೆಲ್ಲಾ ನೋಡ್ದೆ. ತಗೋ, ಈ ಗರಿ ನೋಡು."

ಭಾಮೈದ ತೆಗೆದುಕೊಳ್ಳಲಿಲ್ಲ. ಕಮಾನು ಕಂಕುಳಲ್ಲಿಟ್ಟು ಮೇಡಂ ಕೈ ಚಾಚಿದರು, "ಕೊಡಿ ಇಲ್ಲಿ." ಕನ್ನಡಕ ಹಣೆಗೇರಿಸಿ, ತಟ್ಟೆಯ ಮೇಲೆ ಬಗ್ಗಿ, ಬಹಳ ಹೊತ್ತು ನೋಡಿದರು. "ಇವೆರಡು ಚೂಪು. ಇದೊಂದು ದುಂಡಗಿದೆ." ತಲೆ ಎತ್ತಿದರು. "ದುಂಡಗಿರೋದು ಯಾವ್ದರದ್ದು?"

"ಮೊಂಡಿದು."

"ಸರಿ. ನನ್ನ ಮಾತು ಮಾತ್ರ ಮಾತೇ. ಕೂಗಿದ್ರೆ ಗೂಡು ಇಲ್ಲ."

ಈಗ ಎಲ್ಲರೂ ಹೆಂಡತಿಯ ಮುಖ ನೋಡಿದರು, ಗೂಡು ಅವಳದಾದ್ದರಿಂದ. ಅವಳು ಕೋಳಿಯನ್ನಾಗಲಿ ಗರಿಯನ್ನಾಗಲಿ ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು, ಮುಖ ಸಿಟ್ಟಿನಿಂದ ಬಿಗಿದಿತ್ತು. "ಅವತ್ತು ಎರಡು ಬಟ್ಟೆ ಹಿಡ್ಕೊಂಡು ಕೇಳಿದ್ನಲ್ಲ," ಎಂದಳು. "ಅವತ್ತೂ ಕಾಣ್ಲಿಲ್ವಾ?"

"ಕಾಣ್ಲಿಲ್ಲ."

"ಯಾವ್ದಾದ್ರೇನು ಅಂದ್ರಿ."

"ಅಂದೆ."

ಅವಳು ತಮ್ಮನ ಕಡೆ ತಿರುಗಿ, "ಬುಟ್ಟಿ ಮುಚ್ಚೋ. ಅವರು ಹೇಳ್ದಂಗೇ ಆಗ್ಲಿ. ಮೊಂಡಿ ಇಲ್ಲೇ ಇರುತ್ತೆ, ಸಾಧ್ವಿನ ನೀನೇ ಕರ್ಕೊಂಡು ಹೋಗು" ಎಂದಳು.

"ಒಯ್ತೀನಿ, ಬುಟ್ಟೀಲಿ ಅಲ್ಲ, ಕಂಕುಳಲ್ಲಿ ಒಯ್ತೀನಿ," ಎಂದ ಭಾಮೈದ, ಸೋತವನಂತೆ ಕಾಣಬಾರದೆಂದು. "ನಮ್ಮನೇಲಿ ಸಾಕ್ತೀನಿ. ದಿನಾ ಮೊಟ್ಟೆ ತಿಂದು ನಿಮಗೆ ಚಿಪ್ಪು ಕಳಿಸ್ತೀನಿ ನೋಡಿ ಭಾವ."

ಅವನು ಹೋದ ಮೇಲೆ ಸಂಜೆಯವರೆಗೂ ಅಡುಗೆಮನೆಯಲ್ಲಿ ಹೆಂಡತಿಯ ಪಾತ್ರೆಗಳೇ ಮಾತಾಡಿದವು. ಹೊತ್ತು ಮುಳುಗುವಾಗ ಇಬ್ಬರೂ ಸೇರಿ ಕೋಳಿಗಳನ್ನು ಗೂಡಿಗೆ ಸೇರಿಸುತ್ತಿದ್ದಾಗ ಅವಳು ಗೂಡಿನ ಬಾಗಿಲು ಹಿಡಿದುಕೊಂಡು, ಅವನ ಕಡೆ ನೋಡದೆ, "ನಾನು ಹೇಗೆ ಕಾಣ್ತೀನಿ ನಿಮಗೆ?" ಎಂದು ಕೇಳಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಲಿಲ್ಲ. ಎಡ ಹುಬ್ಬಿನ ತುದಿಯಲ್ಲಿ ಕೂದಲು ಬೆಳೆಯದ ಒಂದು ಸಣ್ಣ ಗೆರೆ ಇದೆ ಎಂದ. ನಗು ಬರುವುದಕ್ಕೆ ಮುಂಚೆ ಬಲಗಣ್ಣು ಮೊದಲು ಕಿರಿದಾಗುತ್ತದೆ, ತಡೆದುಕೊಂಡರೂ ಆಗುತ್ತದೆ ಎಂದ. ನಡು ನೋಯುವ ದಿನ ಎಡಗಾಲನ್ನು ಮೊದಲು ಇಡುತ್ತೀಯ, ಸೂಜಿಗೆ ದಾರ ಪೋಣಿಸುವಾಗ ಕಿವಿ ಅಲುಗುತ್ತದೆ, ಅದು ನಿನಗೇ ಗೊತ್ತಿರಲಿಕ್ಕಿಲ್ಲ ಎಂದ. ಹೇಳುತ್ತ ಹೋದಂತೆ ಅವನಿಗೇ ಬೆರಗಾಯಿತು, ಮುಖ ತಿರುಗಿಸಿಕೊಂಡೇ ಇದ್ದೆ ಅಂದುಕೊಂಡವನು ಯಾವಾಗ ಇಷ್ಟೆಲ್ಲ ನೋಡಿದ್ದು? ಅವಳ ಬಲಗಣ್ಣು ಕಿರಿದಾಗತೊಡಗಿತು. "ಕಳ್ಳ," ಎಂದಳು, "ಕದ್ದು ನೋಡ್ತಿದ್ರಾ ಇಷ್ಟು ದಿನ?" ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು, ಮೊಂಡಿ ಇಬ್ಬರ ಕಾಲ ನಡುವೆ ನುಸುಳಿ ತಾನೇ ಗೂಡು ಹತ್ತಿತು.

ಹೇಳಿದ್ದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ಅಂಗಡಿಯಲ್ಲಿ ಗಿರಾಕಿ ಗಡಿಯಾರಕ್ಕೆ ಪಟ್ಟಿ ಕೇಳಿದರೆ, "ಬಣ್ಣ ನೀವೇ ಆರಿಸ್ಕೊಳ್ಳಿ, ನನಗೆ ಕಾಣಲ್ಲ" ಎಂದು ಹೇಳಿ ನೋಡಿದ. ಗಿರಾಕಿ ಹೌದೇ ಎಂದು ತಾನೇ ಆರಿಸಿಕೊಂಡು ಹೋದ. ಇಷ್ಟೇನಾ, ಎಂದು ಅವನಿಗೆ ಸಿಟ್ಟೇ ಬಂತು. ಆದರೂ ಬೆಳಗಿನ ಹೊತ್ತು ಭಯ ಬಿಟ್ಟಿರಲಿಲ್ಲ. ಮೇಲೆ ಪಿಟೀಲು ಶುರುವಾಗುವ ಮುಂಚಿನ ಆ ಮೌನದಲ್ಲಿ ಹಾಸಿಗೆಯಲ್ಲೇ ಕಿವಿ ನೆಟ್ಟಗೆ ಮಾಡಿ ಮಲಗಿರುತ್ತಿದ್ದ. ಪಕ್ಕದಲ್ಲಿ ಹೆಂಡತಿಯೂ ಎಚ್ಚರವಾಗಿದ್ದಾಳೆಂದು ಅವಳ ಉಸಿರು ಹೇಳುತ್ತಿತ್ತು. ಯಾವ ಕೋಳಿಯೂ ಕೂಗದೆ ಬೆಳಗಾಗುತ್ತಿತ್ತು, ಮಕ್ಕಳ ಪಿಟೀಲು ಕಿರ್ ಎನ್ನುತ್ತಿತ್ತು, ಅಷ್ಟು ಇಂಪಾದ ಸಂಗೀತವನ್ನು ಅವರಿಬ್ಬರೂ ಹಿಂದೆ ಕೇಳಿರಲಿಲ್ಲ. ಕೆಲವು ವಾರ ಹೀಗೇ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಬೆನ್ನು ಸವರಲು ಕೈ ಇಟ್ಟರೆ ಮೊಂಡಿ ಓಡಲಿಲ್ಲ, ರೆಕ್ಕೆ ಸ್ವಲ್ಪ ಅಗಲಿಸಿ ನೆಲಕ್ಕೆ ಕುಕ್ಕರಿಸಿತು. ಮೊಟ್ಟೆಗೆ ಬರುತ್ತಿರುವ ಹೇಂಟೆ ಹಾಗೆ ಕೂರುತ್ತದೆ. ಹುಂಜ ಸತ್ತರೂ ಕೂರುವುದಿಲ್ಲ. ಅವನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ಹೆಂಡತಿಯನ್ನು ಕರೆಯಲು ಬಾಯಿ ತೆರೆದ.

ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಭಾಮೈದ. ಹಲೋ ಎಂದರೆ ಆ ಕಡೆ ಯಾರೋ ನಡೆಯುವ ಸದ್ದು, ಬಾಗಿಲ ಸದ್ದು, ಹಿಂದೆ ಹೆಂಗಸೊಬ್ಬಳು ಬಿದ್ದು ಬಿದ್ದು ನಗುವ ಸದ್ದು. "ಏನಯ್ಯಾ?" ಎಂದ. "ಸ್ವಲ್ಪ ತಡೀರಿ ಭಾವ," ಎಂದ ಭಾಮೈದ, ಜ್ವರ ಬಂದವನ ದನಿಯಲ್ಲಿ, "ನಾನೇನೂ ಹೇಳಲ್ಲ. ನೀವೇ ಕೇಳಿ." ಅವನು ಫೋನಿನ ಸ್ಪೀಕರ್ ಒತ್ತಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ, ದೊಡ್ಡ ಹುಂಜಗಳ ನಡುವೆ ಇದ್ದಷ್ಟು ದಿನ ಬಾಯಿ ಬಿಡದ ಸಾಧ್ವಿ, ಒಡೆದ ಗಂಟಲಲ್ಲಿ, ಅರ್ಧಕ್ಕೆ ಮುರಿದು ಮತ್ತೆ ಎತ್ತಿಕೊಂಡು, ಹಿತ್ತಲೆಲ್ಲ ತುಂಬುವಂತೆ ಕೂಗಿತು. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು, ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು, ಮುಖ ಬಿಳಿಚಿತ್ತು. ಮಹಡಿಯ ಮೇಲೆ ಪಿಟೀಲುಗಳೆಲ್ಲ ಒಟ್ಟಿಗೆ ನಿಂತವು. ಮೇಡಂ ಕಮಾನು ಹಿಡಿದುಕೊಂಡು ದಡದಡ ಮೆಟ್ಟಿಲಿಳಿದು, "ಯಾವುದದು? ಯಾವುದು ಕೂಗಿದ್ದು?" ಎಂದು ಕೇಳುತ್ತ ಬಂದರು. ಅವನು ಮಣ್ಣಿನಿಂದ ಏಳಲಿಲ್ಲ. ಒಂದು ಕೈ ಕುಕ್ಕರಿಸಿದ ಮೊಂಡಿಯ ಬೆನ್ನ ಮೇಲಿತ್ತು. ಇನ್ನೊಂದು ಕೈಯಲ್ಲಿ ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಕೇಳಿಸ್ತಾ ಭಾವ?" ಎಂದಿತು ಫೋನು.

"ಸರಿಯಾಗಿ ಕೇಳಿಸ್ಲಿಲ್ಲಪ್ಪ," ಎಂದ ಅವನು. "ಮೇಡಂ ಈಗಷ್ಟೇ ಬಂದ್ರು, ನಿಮ್ಮಕ್ಕನೂ ಬಂದ್ಲು. ಇನ್ನೊಂದ್ಸಲ ಕೂಗ್ಸು."